ಕರಿಬಸಪ್ಪನೆಂಬ ಟ್ರಾಫಿಕ್ ಜಾಮ್

ಗಾಡಿ ಎತ್ತುವ ಲಾರಿ ಬರುತ್ತಿದೆ ಎಂಬ ಸುದ್ದಿ ಸಿಕ್ಕಿದ ಕೂಡಲೇ ಅತ್ತಿಗುಪ್ಪೆ ಮೆಟ್ರೊ ಕೆಳಗಿನ ತಳ್ಳುಗಾಡಿಯವರೆಲ್ಲ ಓಡುತ್ತಾರೆ. ಹಣ್ಣಿನವನು, ಪಾನಿಪೂರಿಯವನು, ಸಾಕ್ಸು ಕರ್ಚೀಫಿನವನು, ಎಲ್ಲರೂ ಗಾಡಿ ಸಮೇತ ಅಡ್ಡರಸ್ತೆಗೆ ನುಗ್ಗುತ್ತಾರೆ. ಓಡದೆ ನಿಲ್ಲುವವನು ಒಬ್ಬನೇ, ಮಿರ್ಚಿ ಕರಿಬಸಪ್ಪ. ಓಡಿದರೆ ತಪ್ಪು ಒಪ್ಪಿಕೊಂಡ ಹಾಗೆ ಎಂಬುದು ಅವನ ವಾದ. ಹೀಗಾಗಿ ಪ್ರತಿ ಸಲವೂ ಲಾರಿ ಹತ್ತುವುದು ಅವನದೊಂದೇ ಗಾಡಿ, ದಂಡ ಕಟ್ಟಿ ಬಿಡಿಸಿಕೊಂಡು ಬರುವುದೂ ಅವನೊಬ್ಬನೇ. ಎಣ್ಣೆ ಬಾಣಲೆ ಕೆಳಗಿಳಿಸಿಕೊಳ್ಳಲಿಕ್ಕೆ ಲಾರಿಯವರೇ ಎರಡು ನಿಮಿಷ ಟೈಮು ಕೊಡುತ್ತಾರೆ. ಅಷ್ಟು ಪರಿಚಯವಾಗಿಬಿಟ್ಟಿದೆ.

ನನ್ನ ಪಂಕ್ಚರ್ ಅಂಗಡಿ ಅವನ ಜಾಗದ ಎದುರಿಗೇ ಇದೆ. ಹನ್ನೆರಡು ವರ್ಷದಿಂದ ಅವನನ್ನು ನೋಡುತ್ತಿದ್ದೇನೆ, ಬೈಯುತ್ತಲೂ ಇದ್ದೇನೆ. ಓಡು ಮಾರಾಯ ಅಂತ ನಾನು ಕಿರುಚಿದರೆ ಅವನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಲ್ಲುತ್ತಿದ್ದ. ಹರಿಹರದ ಕಡೆಯವನು. ಚಿಕ್ಕ ವಯಸ್ಸಿನಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಲೇತು ಫ್ಯಾಕ್ಟರಿಗೆ ಸೇರಿಕೊಂಡ. ಅದು ಮುಚ್ಚಿದ ದಿನ ಮಾಲೀಕ ಇವನ ಕೈಗೆ ಕೊಟ್ಟದ್ದು ಸಾಮಾನು ಸಾಗಿಸುವ ಕಬ್ಬಿಣದ ಟ್ರಾಲಿ. ನಾಲ್ಕು ಗಾಲಿ, ನಾಲ್ಕಕ್ಕೂ ಬೇರಿಂಗು. ಅದರ ಮೇಲೆ ಹಲಗೆ ಹೊಡೆದು, ಒಲೆ ಕೂರಿಸಿ, ಹೆಂಡತಿ ಜಗದಾಂಬಾ ಕಲಸಿಕೊಟ್ಟ ಹಿಟ್ಟಿನಲ್ಲಿ ಮಿರ್ಚಿ ಕರಿಯಲಿಕ್ಕೆ ಶುರು ಮಾಡಿದ. ಪಕ್ಕಕ್ಕೆ ಒಗ್ಗರಣೆ ಮಂಡಕ್ಕಿ. ಮೆಣಸಿನಕಾಯಿ ಸೀಳಿ ಒಳಗೆ ಜೀರಿಗೆ, ಹುಣಸೆ, ಉಪ್ಪು ಸವರುತ್ತಾನೆ. ಬಾಣಲೆಯಿಂದ ಎತ್ತಿದ ಮೇಲೆ ಐದು ನಿಮಿಷ ಕಳೆದ ಮಿರ್ಚಿಯನ್ನು ಯಾರಿಗೂ ಕೊಡುವುದಿಲ್ಲ, ನಾಯಿಗೆ ಹಾಕುತ್ತಾನೆ. ನಮ್ಮ ಬೀದಿಯ ನಾಯಿಗಳು ಖಾರಕ್ಕೆ ಹೆದರುವುದಿಲ್ಲ, ಅದಕ್ಕೆ ಕಾರಣ ಇದೇ.

ಬಸ್ಸುಗಳು ಬೀಸಿಕೊಂಡು ಹೋಗುವ ಗಾಳಿಗೆ ಒಲೆ ಆರುತ್ತಿತ್ತು. ನಾನೇ ಮಾಗಡಿ ರೋಡಿನ ಗುಜರಿಯಿಂದ ಒಂದು ಹಳೇ ವ್ಯಾನಿನ ಮುಂದಿನ ಗಾಜು ತಂದು ಗಾಡಿಗೆ ಅಡ್ಡ ನಿಲ್ಲಿಸಿಕೊಟ್ಟೆ. ಆಮೇಲೆ ಆದದ್ದಕ್ಕೆಲ್ಲ ಈ ಗಾಜು ಬಹಳ ಅನುಕೂಲವಾಯಿತು.

ಕಾರ್ಡ್ ರೋಡಿನಲ್ಲಿ ವಿಜಯನಗರದಿಂದ ಅತ್ತಿಗುಪ್ಪೆ ದಾಟುವವರೆಗೆ ದಟ್ಟಣೆ ಶುಲ್ಕ ಎಂಬ ಹೊಸ ಪ್ರಯೋಗ ಬರುತ್ತದೆ ಅಂತಾಯಿತು. ರಸ್ತೆಗೆ ಅಡ್ಡಲಾಗಿ ಎರಡು ಕಬ್ಬಿಣದ ಕಮಾನು ಎದ್ದವು. ದೀಪದ ಕಂಬಕ್ಕೆಲ್ಲ ಬಿಳಿ ಡಬ್ಬಿ ಬಂತು. ಗಾಜಿಗೆ ಅಂಟಿಸಿದ ಟ್ಯಾಗನ್ನು ಈ ಡಬ್ಬಿಗಳು ಓದುತ್ತವೆ, ಗಾಡಿ ಎಷ್ಟು ವೇಗವಾಗಿ ಹೋಗುತ್ತಿದೆ ಅಂತ ಲೆಕ್ಕ ಹಾಕುತ್ತವೆ. ಗಾಡಿಗಳು ನಿಧಾನವಾದಷ್ಟೂ ಜಾಮ್ ಇದೆ ಅಂತ ತಿಳಿದು ದರ ತಾನಾಗಿಯೇ ಏರುತ್ತದೆ. ಕಮಾನಿನ ಮೇಲಿನ ಬೋರ್ಡಿನಲ್ಲಿ ಆ ಹೊತ್ತಿನ ದರ ಉರಿಯುತ್ತದೆ. ಅದನ್ನು ನೋಡಿ ಜನ ಬೇರೆ ಹೊತ್ತಿಗೆ ಬರಲಿ, ಇಲ್ಲವೇ ಮೆಟ್ರೊ ಹತ್ತಲಿ ಎಂಬುದು ಉದ್ದೇಶ. ಉದ್ದೇಶ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸಂಜೆ ಆರಕ್ಕೆ ಆ ರಸ್ತೆಯಲ್ಲಿ ನಿಂತವರಿಗೆ ಗೊತ್ತು.

ಎಡವಟ್ಟಾದದ್ದು ಒಂದು ಮಾತಿನಿಂದ. ಮೈಕು ಕಟ್ಟಿದ ಆಟೋ ಒಂದು ವಾರ ಪೂರ್ತಿ ಕೂಗಿಕೊಂಡು ಓಡಾಡಿತು: ಟ್ಯಾಗ್ ಇಲ್ಲದ ಗಾಡಿಗಳನ್ನು ರಸ್ತೆಯಿಂದ ತೆರವುಗೊಳಿಸಲಾಗುವುದು. ವಾಹನ ಅಂದಿದ್ದರೆ ಏನೂ ಆಗುತ್ತಿರಲಿಲ್ಲ. ಗಾಡಿ ಅಂದರು. ಈ ಊರಲ್ಲಿ ಕಾರೂ ಗಾಡಿ, ಸ್ಕೂಟರೂ ಗಾಡಿ, ಕರಿಬಸಪ್ಪನದೂ ಗಾಡಿ. ತೆರವು ಎಂಬ ಪದವನ್ನು ಅವನು ಹಿಂದೆ ಬೇಕಾದಷ್ಟು ಸಲ ಕೇಳಿದ್ದ. ಇಷ್ಟು ವರ್ಷದಲ್ಲಿ ಮೊದಲನೇ ಸಲ ಸರ್ಕಾರದವರು ಏನು ಮಾಡಿದರೆ ಗಾಡಿ ಎತ್ತುವುದಿಲ್ಲ ಅಂತ ಬಾಯಿಬಿಟ್ಟು ಹೇಳಿದ್ದಾರೆ ಅಂತ ಅವನಿಗೆ ಸಂತೋಷವೇ ಆಯಿತು.

ವಿಜಯನಗರ ಬಸ್ ಸ್ಟ್ಯಾಂಡಿನ ಹತ್ತಿರ ಛತ್ರಿ ಕೆಳಗೆ ಟ್ಯಾಗ್ ಮಾರುತ್ತಿದ್ದ ಹುಡುಗಿಯ ಹತ್ತಿರ ಹೋದ. ನನ್ನನ್ನೂ ಎಳೆದುಕೊಂಡು ಹೋದ. ಹುಡುಗಿಯ ಕೊರಳಲ್ಲಿ ತೂಗುವ ಕಾರ್ಡಿನಲ್ಲಿ ಅಮೂಲ್ಯಾ ಅಂತಿತ್ತು. ದಿನಕ್ಕೆ ಇಷ್ಟು ಮಾರಲೇಬೇಕು ಅಂತ ಮೇಲಿನಿಂದ ಒತ್ತಡವಿರುವ ಮುಖ. ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಯಾವ್ ಗಾಡಿ ಅಂಕಲ್?"

"ಸ್ವಂತದ್ದವ್ವಾ."

"ಅದಲ್ಲ. ಟೂ ವೀಲರಾ, ಫೋರ್ ವೀಲರಾ?"

"ನಾಕು ಗಾಲಿ ಅದಾವು."

"ಪೆಟ್ರೋಲಾ, ಡೀಸೆಲ್ಲಾ?"

"ಗ್ಯಾಸು."

"ಓನ್ ಯೂಸಾ, ಬಿಸಿನೆಸ್ಸಾ?"

"ವ್ಯಾಪಾರಕ್ಕ."

ಆ ಹುಡುಗಿ ಎಲ್ಲವನ್ನೂ ಒತ್ತಿದಳು. ನಂಬರ್ ಕೇಳಿದಾಗ ಅವನು ಬೀದಿ ವ್ಯಾಪಾರಿಯ ಗುರುತಿನ ಚೀಟಿಯ ನಂಬರ್ ಓದಿದ. ಅದನ್ನು ಹೇಗೆ ಒಪ್ಪಿಕೊಂಡಿತೋ ಆ ಮೊಬೈಲಿಗೇ ಗೊತ್ತು. ನಾನು ಬಾಯಿ ಹಾಕಲು ಹೋದೆ, ಅವನು ಕೈ ಹಿಡಿದು ತಡೆದ. ಅವನು ಒಂದು ಮಾತೂ ಸುಳ್ಳು ಹೇಳಲಿಲ್ಲ. ಆಕೆಯೂ ಒಂದು ಪ್ರಶ್ನೆ ಬಿಡಲಿಲ್ಲ. ಗಾಜಿನ ಒಳಗಡೆ, ಮಧ್ಯಕ್ಕೆ, ಮೇಲ್ಗಡೆ ಅಂಟಿಸಬೇಕು ಅಂತ ಹೇಳಿ ಮುಂದಿನವರನ್ನು ಕರೆದಳು. ಸಂಜೆ ಅವನು ಗಾಜಿಗೆ ವಿಭೂತಿ ಎಳೆದು, ಅದರ ಕೆಳಗೆ ಟ್ಯಾಗ್ ಅಂಟಿಸಿದ.

ಪ್ರಯೋಗ ಶುರುವಾದ ದಿನ ಮೂಡಲಪಾಳ್ಯದ ಮನೆಯಿಂದ ಗಾಡಿ ತಳ್ಳಿಕೊಂಡು ಬಂದು ಕಮಾನಿನ ಕೆಳಗೆ ದಾಟಿದ. ಹಸಿರು ದೀಪ ಹತ್ತಿತು. ಅವನ ಮೊಬೈಲಿಗೆ ಮೆಸೇಜು ಬಂತು: ಶುಭ ಪ್ರಯಾಣ. ಅದನ್ನು ನನಗೆ ತೋರಿಸಿದ, ಸಾಕ್ಸಿನವನಿಗೆ ತೋರಿಸಿದ, ಮೆಟ್ರೊ ಸೆಕ್ಯೂರಿಟಿಗೆ ತೋರಿಸಿದ.

ವಾರದೊಳಗೆ ಲಾರಿ ಬಂತು. ಎಲ್ಲರೂ ಓಡಿದರು. ಇವನು ಗುಂಡಿ ಹಾಕಿಕೊಂಡು ನಿಂತ. ಲಾರಿಯ ಮೇಸ್ತ್ರಿ ಚನ್ನಕೇಶವ, ಕೆಂಗೇರಿ ಕಡೆಯ ಹುಡುಗ, ಮಾಮೂಲಿನಂತೆ ಬಾಣಲೆ ಇಳಿಸಿಕೊಳ್ಳಿ ಯಜಮಾನ್ರೇ ಅಂದ. ಕರಿಬಸಪ್ಪ ಟ್ಯಾಗ್ ತೋರಿಸಿದ. ಚನ್ನಕೇಶವ ನಕ್ಕು ತಮಾಷೆಗೆ ತನ್ನ ಮೊಬೈಲಿನಲ್ಲಿ ಅದನ್ನು ಸ್ಕ್ಯಾನ್ ಮಾಡಿದ. ನಗು ನಿಂತಿತು. ಲಾರಿಯ ಮೇಲಿದ್ದ ಆಳುಗಳಿಗೆ ಇಳಿಯಬೇಡಿ ಅಂತ ಕೈ ಮಾಡಿದ.

"ಇದು ಗಾಡಿ ಅಲ್ಲ ಕಣ್ರೋ, ವೆಹಿಕಲ್ಲು. ನಮ್ಗೆ ಆರ್ಡರ್ ಇರೋದು ಗಾಡಿ ಎತ್ತೋಕೆ."

ಲಾರಿ ಖಾಲಿ ಹೋಯಿತು. ಅವತ್ತು ಕರಿಬಸಪ್ಪ ಬೀದಿಗೆಲ್ಲ ಮಿರ್ಚಿ ಹಂಚಿದ. ಜಗದಾಂಬಾ ಟ್ಯಾಗಿಗೆ ಅರಿಶಿನ ಕುಂಕುಮ ಇಟ್ಟಳು.

ಮಾರನೇ ದಿನ ಟ್ರಾಫಿಕ್ ಪೇದೆ ಬಂದ. ವೆಹಿಕಲ್ ಅಂದ ಮೇಲೆ ನೋ ಪಾರ್ಕಿಂಗ್‌ನಲ್ಲಿ ನಿಲ್ಲಿಸುವ ಹಾಗಿಲ್ಲ, ಚಕ್ರಕ್ಕೆ ಬೀಗ ಹಾಕುತ್ತೇನೆ ಅಂದ. ಹಾಗಾದರೆ ಏನು ಮಾಡಬೇಕು ಅಂತ ಕರಿಬಸಪ್ಪ ಕೇಳಿದ. ಓಡುತ್ತಿರುವ ವೆಹಿಕಲ್ಲನ್ನು ನಾನು ಏನೂ ಮಾಡುವ ಹಾಗಿಲ್ಲ ಅಂತ ಪೇದೆ ಹೇಳಿದ. ಜಾಗ ಖಾಲಿ ಮಾಡು ಅಂತ ಅದರ ಅರ್ಥ. ಕರಿಬಸಪ್ಪ ಅದನ್ನು ಕಾನೂನು ಅಂತ ತೆಗೆದುಕೊಂಡ.

ಅವತ್ತಿನಿಂದ ಮನುಷ್ಯ ನಿಲ್ಲಲಿಲ್ಲ. ನನ್ನ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಒಲೆ ಹೊತ್ತಿಸಿ ಮಿರ್ಚಿ ಕರಿದುಕೊಳ್ಳುವುದು, ಬೆಂಕಿ ಆರಿಸಿ ಬಾಣಲೆ ಜಗದಾಂಬಾಗೆ ಒಪ್ಪಿಸುವುದು, ಗಾಡಿ ತಳ್ಳಿಕೊಂಡು ರಸ್ತೆಗಿಳಿಯುವುದು. ಅತ್ತಿಗುಪ್ಪೆಯಿಂದ ವಿಜಯನಗರಕ್ಕೆ, ವಿಜಯನಗರದಿಂದ ಅತ್ತಿಗುಪ್ಪೆಗೆ. ಮೆಟ್ರೊ ಇಳಿದ ಗಿರಾಕಿಗಳು ಅವನ ಜೊತೆಗೇ ನಡೆಯುತ್ತ ತಿನ್ನಬೇಕು. ಮಾತಿನಲ್ಲಿ ಮೈಮರೆತವರು ವಿಜಯನಗರದ ಹತ್ತಿರ ಎಚ್ಚೆತ್ತು, ಮನೆಗೆ ವಾಪಸು ಹೋಗಲಿಕ್ಕೆ ಮತ್ತೆ ಮೆಟ್ರೊ ಹತ್ತುತ್ತಿದ್ದರು. ಒಬ್ಬ ಬ್ಯಾಂಕಿನವರು ಡಾಕ್ಟರ್ ವಾಕಿಂಗ್ ಹೇಳಿದ್ದಾರೆ ಅಂತ ದಿನಾ ಎರಡು ಪ್ಲೇಟ್ ತಿಂದುಕೊಂಡು ಪೂರ್ತಿ ಒಂದು ಸುತ್ತು ಬರುತ್ತಿದ್ದರು.

ಒಂದು ದಿನ ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ಅದನ್ನು ಸರಿಮಾಡಿಕೊಳ್ಳಲು ಒಂದು ಕ್ಷಣ ನಿಂತ. ರಸ್ತೆ ನಡುವೆ ವೆಹಿಕಲ್ ನಿಂತಿದೆ, ಅಪಘಾತವಾಗಿದೆ ಅಂತ ಡಬ್ಬಿಗಳು ತಿಳಿದವು. ಒಂದು ಆಂಬುಲೆನ್ಸು, ಒಂದು ಕ್ರೇನು ಬಂದವು. ಆಂಬುಲೆನ್ಸಿನವರು ಗಾಯಾಳು ಎಲ್ಲಿ ಅಂತ ಕೇಳಿದರು. ಕರಿಬಸಪ್ಪ ಕೈಯಲ್ಲಿದ್ದ ಚಪ್ಪಲಿ ತೋರಿಸಿದ. ಆಮೇಲೆ ಅವನಿಗೆ ನಿಲ್ಲುವುದಕ್ಕೂ ಭಯವಾಯಿತು.

ಈಗ ಬೋರ್ಡಿನ ವಿಷಯಕ್ಕೆ ಬರುತ್ತೇನೆ. ಕರಿಬಸಪ್ಪ ನಾಲ್ಕು ಗಂಟೆಗೆ ರಸ್ತೆಗಿಳಿಯುವಾಗ ದರ ತಳದಲ್ಲಿರುತ್ತಿತ್ತು. ಒಳಗೆ ಬರುವಾಗಿನ ದರವನ್ನು ದಿನಕ್ಕೆ ಒಂದೇ ಸಲ ಕತ್ತರಿಸುತ್ತಿದ್ದರಿಂದ ಅವನಿಗೆ ದೊಡ್ಡ ಹೊರೆಯಾಗಲಿಲ್ಲ. ಆದರೆ ಅವನು ಇಳಿದ ಮೇಲೆ ಡಬ್ಬಿಗಳು ನೋಡುತ್ತವೆ: ನಾಲ್ಕು ಚಕ್ರದ, ಗ್ಯಾಸಿನ, ವ್ಯಾಪಾರದ ವೆಹಿಕಲ್ಲೊಂದು ಆಮೆಯ ಹಾಗೆ ತೆವಳುತ್ತಿದೆ. ಅಂದರೆ ಮುಂದೆ ಭಾರಿ ಜಾಮ್ ಇದೆ. ದರ ಏರಿಸು. ಏರಿದ ದರ ನೋಡಿ ಅರ್ಧ ಕಾರುಗಳು ಹಂಪಿನಗರದ ಅಡ್ಡರಸ್ತೆಗೆ ತಿರುಗುತ್ತವೆ. ಉಳಿದವು ಕಡಿಮೆಯಾದಷ್ಟೂ ಸರಾಸರಿ ವೇಗದ ಲೆಕ್ಕದಲ್ಲಿ ಕರಿಬಸಪ್ಪನ ತೂಕ ಹೆಚ್ಚಾಗುತ್ತದೆ. ಇನ್ನೂ ಏರಿಸು. ಐದೂವರೆ ಹೊತ್ತಿಗೆ ಬೋರ್ಡಿನಲ್ಲಿ ಅಂಕಿ ಹಿಡಿಸದೆ ಬರೀ ಕೆಂಪು ಗೆರೆ ಉರಿಯುತ್ತಿತ್ತು. ಕಾರ್ಡ್ ರೋಡಿನಲ್ಲಿ ಅವನು, ಅವನ ಗಾಡಿ, ಜೊತೆಗೆ ಬ್ಯಾಂಕಿನವರು. ಹುಡುಗರು ಕ್ರಿಕೆಟ್ ಆಡಲು ಶುರು ಮಾಡಿದರು. ನನ್ನ ಅಂಗಡಿಗೆ ಒಂದು ಪಂಕ್ಚರ್ ಇಲ್ಲ. ನೊಣ ಕೂಡ ಹಂಪಿನಗರದ ಕಡೆ ಹೋಯಿತು ಅನ್ನಿಸುತ್ತಿತ್ತು. ಅಲ್ಲಿನ ಕ್ರಾಸುಗಳಲ್ಲಿ ಕಾರುಗಳು ಗೇಟುಗಳ ಮಧ್ಯೆ ಸಿಕ್ಕಿಹಾಕಿಕೊಂಡು, ಜನ ತಮ್ಮ ಮನೆಯಿಂದ ಹೊರಗೆ ಬರಲಿಕ್ಕೆ ಪಕ್ಕದ ಮನೆಯ ಕಾಂಪೌಂಡು ಹತ್ತಬೇಕಾಗಿತ್ತು.

ಇಂಥ ದಿನವೊಂದರಲ್ಲಿ ಜೀಪು ಬಂತು. ಇಳಿದವರು ನಾಗಭೂಷಣ್, ಈ ಪ್ರಯೋಗ ನೋಡಿಕೊಳ್ಳುವ ಎಂಜಿನಿಯರ್. ಕೈಯಲ್ಲಿ ಹಲಗೆಯಂಥ ಕಂಪ್ಯೂಟರು. ಅದರಲ್ಲಿ ನಮ್ಮ ರಸ್ತೆ ರಕ್ತದ ಹಾಗೆ ಕೆಂಪಗಿತ್ತು. ಅವರು ರಸ್ತೆ ನೋಡಿದರು, ಕಂಪ್ಯೂಟರ್ ನೋಡಿದರು, ಮತ್ತೆ ರಸ್ತೆ ನೋಡಿದರು. ಜಾಮ್ ಎಲ್ಲಿದೆ ಅಂತ ನನ್ನನ್ನು ಕೇಳಿದರು. ನನಗೆ ವಾರದಿಂದ ಬೋಣಿ ಇರಲಿಲ್ಲ. ಕಣ್ಣು ಎಲ್ಲಿಟ್ಟಿದ್ದೀರಿ ಅಂತ ರೇಗಿದೆ. ಕಂಪ್ಯೂಟರಿನಲ್ಲಿ ಒಂದು ಚುಕ್ಕೆ ಮೆಲ್ಲಗೆ ಸರಿಯುತ್ತ ನಮ್ಮ ಹತ್ತಿರ ಬಂತು. ರಸ್ತೆಯಲ್ಲಿ ಕರಿಬಸಪ್ಪನೂ ನಮ್ಮ ಹತ್ತಿರ ಬಂದ.

"ನಿಲ್ಸ್ರೀ ಸ್ವಲ್ಪ" ಅಂದರು ನಾಗಭೂಷಣ್.

"ನಿಲ್ಲಂಗಿಲ್ರಿ ಸಾಹೇಬ್ರ. ಕ್ರೇನ್ ಬರ್ತತಿ. ಮಾತಾಡಾಂಗಿದ್ರ ಜೊತಿಗೆ ಬರ್ರಿ."

ಎಂಜಿನಿಯರು ಜೊತೆಗೆ ನಡೆದರು. ಹಿಂದೆ ನಾನು. ಅವರು ಗಾಜಿನ ಮೇಲಿನ ಟ್ಯಾಗ್ ನೋಡಿದರು, ಸಿಲಿಂಡರ್ ನೋಡಿದರು, ಗಾಲಿ ಎಣಿಸಿದರು.

"ಯಜಮಾನ್ರೇ, ಈ ಜಾಮ್ ಇದೆಯಲ್ಲ, ಅದು ನೀವೇ."

"ರೋಡ್ ಖಾಲಿ ಐತಲ್ರಿ."

"ಖಾಲಿ ಇದೆ. ಆದ್ರೆ ಜಾಮ್ ಆಗಿದೆ."

ಟ್ಯಾಗನ್ನು ರದ್ದು ಮಾಡಿ ಅಂತ ನಾನು ಹೇಳಿದೆ. ಆಗುವುದಿಲ್ಲವಂತೆ. ವೆಹಿಕಲ್ ಗುಜರಿಗೆ ಹಾಕಿದ್ದಕ್ಕೆ ಸರ್ಟಿಫಿಕೇಟ್ ತರಬೇಕಂತೆ, ಇಲ್ಲವೇ ಬೇರೆಯವರಿಗೆ ಮಾರಿರಬೇಕಂತೆ. ಮಿನಿಮಮ್ ಇಪ್ಪತ್ತು ಸ್ಪೀಡಿನಲ್ಲಿ ಹೋದರೂ ಸಾಕು ಅಂತ ಅವರೇ ಹೇಳಿ, ಕರಿಬಸಪ್ಪನ ಮೊಣಕಾಲು ನೋಡಿ ಆ ಮಾತು ಕೈಬಿಟ್ಟರು. ಕೊನೆಗೆ ನೀವೇ ಕಿತ್ತುಹಾಕಿಬಿಡಿ, ನಾನು ನೋಡಿಲ್ಲ ಅಂದುಕೊಳ್ಳುತ್ತೇನೆ ಅಂದರು.

"ಕಿತ್ತಿದ್ರ ನನ್ನ ಗಾಡಿ ಎತ್ತೂದಿಲ್ಲಂತ ಬರದು ಕೊಡ್ತೀರೇನ್ರಿ?"

"ಗಾಡಿ ಎತ್ತೋದು ನಮ್ ಡಿಪಾರ್ಟ್‌ಮೆಂಟ್ ಅಲ್ಲ."

"ಹಂಗಾರ ನಡೀರಿ, ಹೋಗೂಣು" ಅಂತ ಕರಿಬಸಪ್ಪ ತಳ್ಳಿದ.

ಎಂಜಿನಿಯರು ಬೆವರು ಒರೆಸಿಕೊಂಡು ಜೀಪು ಹತ್ತಿದರು. ಈ ಮನುಷ್ಯನ ಕೆಲಸ ಹೋಯಿತು ಅಂದುಕೊಂಡೆ ನಾನು. ಆದದ್ದು ಬೇರೆ. ಮೇಲಿನವರ ಮೀಟಿಂಗಿನಲ್ಲಿ ಕಾರ್ಡ್ ರೋಡಿನ ಫೋಟೋ ತೋರಿಸಿದರಂತೆ. ಸಂಜೆ ಆರು ಗಂಟೆ, ಒಂದೂ ಕಾರಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರಂತೆ. ದಟ್ಟಣೆ ಇಷ್ಟು ಕಡಿಮೆಯಾದ ರಸ್ತೆ ಇಡೀ ಊರಲ್ಲಿ ಇಲ್ಲ, ಇದನ್ನೇ ಮಹಾಲಕ್ಷ್ಮಿ ಲೇಔಟಿಗೂ ರಾಜರಾಜೇಶ್ವರಿನಗರಕ್ಕೂ ತನ್ನಿ ಅಂದರಂತೆ. ಹಂಪಿನಗರದ ಫೋಟೋ ಯಾರೂ ತೆಗೆದಿರಲಿಲ್ಲ.

ನಾಗಭೂಷಣ್ ಮತ್ತೆ ಬಂದರು. ಈ ಸಲ ಜೀಪಿನ ಹಿಂದೆ ಇನ್ನೊಂದು ಕಾರು. ಶಾಲು, ಗಂಧದ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ದಿನ ತಪ್ಪದೆ ರಸ್ತೆ ಬಳಸಿ ಶುಲ್ಕ ಕಟ್ಟಿದ ಏಕೈಕ ನಾಗರಿಕನಿಗೆ ಸನ್ಮಾನ. ಕರಿಬಸಪ್ಪ ನಿಲ್ಲುವ ಹಾಗಿಲ್ಲ, ನಿಂತರೆ ಆಂಬುಲೆನ್ಸ್ ಬರುತ್ತದೆ. ಆದ್ದರಿಂದ ಸನ್ಮಾನ ನಡೆಯುತ್ತಲೇ ಆಯಿತು. ಒಬ್ಬರು ಹಿಂದಿನಿಂದ ಶಾಲು ಹೊದಿಸಿದರು. ಪೇಟ ತೊಡಿಸುವವರು ಎದುರಿಗೆ ಹಿಮ್ಮುಖವಾಗಿ ನಡೆಯುತ್ತ ಗುಂಡಿಯೊಳಗೆ ಕಾಲಿಟ್ಟರು. ಫೋಟೋದವನು ಸೈಕಲ್ಲಿನ ಹಿಂದೆ ಉಲ್ಟಾ ಕೂತಿದ್ದ. ಸ್ವಾಗತ ಭಾಷಣ ಮಾರುತಿ ಮಂದಿರದ ಹತ್ತಿರ ಶುರುವಾಯಿತು, ವಿಜಯನಗರ ಸ್ಟೇಷನ್ನಿನ ಕೆಳಗೆ ವಂದನಾರ್ಪಣೆ ಮುಗಿಯಿತು. ದಯವಿಟ್ಟು ಬೇಗ ಹೋಗಬೇಡಿ, ಈಗಿನಷ್ಟೇ ಸ್ಪೀಡು ಇರಲಿ ಅಂತ ನಾಗಭೂಷಣ್ ಕಿವಿಯಲ್ಲಿ ಹೇಳಿದರು. ಹಣ್ಣಿನ ಬುಟ್ಟಿಯನ್ನು ನಾನು ಹೊತ್ತುಕೊಂಡಿದ್ದೆ.

ಅವತ್ತು ಗಲ್ಲಿಗೆ ಬಂದಾಗ ಕರಿಬಸಪ್ಪ ಪೇಟ ತೆಗೆಯದೆ ಕಟ್ಟೆಯ ಮೇಲೆ ಕೂತ. ಜಗದಾಂಬಾ ಬಿಸಿನೀರಿನ ಬಕೆಟ್ ತಂದು ಅವನ ಕಾಲು ಇಳಿಸಿದಳು. ಪಾದ ಊದಿ ಬನ್ನಿನ ಹಾಗೆ ಆಗಿತ್ತು. ಅವಳು ಗಾಡಿಯಿಂದ ಒಂದು ಮಿರ್ಚಿ ಎತ್ತಿ ಒತ್ತಿ ನೋಡಿದಳು. ತಣ್ಣಗೆ ರಬ್ಬರಿನ ಹಾಗಿತ್ತು.

"ಇದನ್ನ ಮಂದಿಗೆ ತಿನಸಾಕತ್ತೀರೇನು?"

ಕರಿಬಸಪ್ಪ ಪೇಟ ತೆಗೆದು ಪಕ್ಕಕ್ಕಿಟ್ಟ. ಮುಂಚೆ ನಾಯಿಗೆ ಹಾಕುತ್ತಿದ್ದುದನ್ನು ಈಗ ದುಡ್ಡು ತೆಗೆದುಕೊಂಡು ಕೊಡುತ್ತಿದ್ದಾನೆ ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗಿರಾಕಿಗಳು ಮುಖ ನೋಡಿ ಸುಮ್ಮನಿದ್ದರು, ಅಷ್ಟೇ. ಟ್ಯಾಗ್ ಇದ್ದರೆ ಗಾಡಿ ಉಳಿಯುತ್ತದೆ, ಮಿರ್ಚಿ ಕೆಡುತ್ತದೆ, ಕಾಲು ಹೋಗುತ್ತದೆ. ಇಲ್ಲದಿದ್ದರೆ ಗಾಡಿಯೇ ಹೋಗುತ್ತದೆ. ಯಾವ ನನ್ಮಗ ಮಾಡಿದ ಕಾನೂನು ಇದು ಅಂತ ನಾನು ಕೂಗಾಡಿದೆ. ಕರಿಬಸಪ್ಪ ಬಕೆಟ್ಟಿನಿಂದ ಕಾಲು ಎತ್ತಿ ನನ್ನ ಕಡೆ ತಿರುಗಿದ.

"ನಿಂತು ಕರಿಯೂದಕ್ಕ ಬಂದಾಂವ ನಾನು, ಕಾಂತಣ್ಣ. ಮೆರವಣಿಗಿ ಹೊಂಡಾಕ ಅಲ್ಲ. ಎತ್ತಿದ್ರ ಎತ್ತಲಿ."

ಎದ್ದು, ಜಗದಾಂಬಾ ಮೆಣಸಿನಕಾಯಿ ಸೀಳುವ ಚಾಕು ತೆಗೆದುಕೊಂಡು ಟ್ಯಾಗನ್ನು ಕೆರೆದ. ಪೂರ್ತಿ ಬರಲಿಲ್ಲ, ಚೂರು ಚೂರಾಗಿ ಉದುರಿತು.

ಮಾರನೇ ದಿನ ನಾಲ್ಕಕ್ಕೆ ತನ್ನ ಹಳೇ ಜಾಗದಲ್ಲಿ, ಕಂಬದ ಪಕ್ಕ, ಗಾಡಿ ನಿಲ್ಲಿಸಿ ಒಲೆ ಹೊತ್ತಿಸಿದ. ಟ್ಯಾಗ್ ಕಿತ್ತ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಲಾರಿ ವಿಜಯನಗರ ಬಿಟ್ಟಿದೆ ಅಂತ ಹಣ್ಣಿನವನಿಗೆ ಫೋನು ಬಂತು. ಎಲ್ಲರೂ ಅಡ್ಡರಸ್ತೆ ಸೇರಿದರು. ಜಗದಾಂಬಾ ಬಾಣಲೆ ಇಳಿಸಲಿಕ್ಕೆ ಬಟ್ಟೆ ಹಿಡಿದುಕೊಂಡು ನಿಂತಳು. ನಾನು ಜಾಕಿ ಹಿಡಿಕೆ ಕೈಯಲ್ಲಿ ಹಿಡಿದು ನಿಂತೆ, ಯಾತಕ್ಕೆ ಅಂತ ನನಗೂ ಗೊತ್ತಿಲ್ಲ.

ಡಬ್ಬಿಗಳಿಗೆ ಅವತ್ತು ತೆವಳುವ ವೆಹಿಕಲ್ಲೇ ಕಾಣಲಿಲ್ಲ. ರಸ್ತೆ ಸಲೀಸಾಗಿದೆ ಅಂತ ದರ ತಳಕ್ಕೆ ಬಿತ್ತು. ವಾರಗಟ್ಟಲೆ ಹಂಪಿನಗರದಲ್ಲಿ ಕೊಳೆತಿದ್ದ ಕಾರುಗಳು ಬೋರ್ಡು ನೋಡಿದವು. ಒಂದು ತಿರುಗಿತು, ಹಿಂದೆ ಹತ್ತು, ಅದರ ಹಿಂದೆ ಇಡೀ ಊರು. ಟೆಂಪೋ, ಶಾಲೆ ಬಸ್ಸು, ನೀರಿನ ಟ್ಯಾಂಕರು. ದರ ಏರಬೇಕು ಅಂತ ಕಂಪ್ಯೂಟರಿಗೆ ಹೊಳೆಯುವಷ್ಟರಲ್ಲಿ ಯಾರೂ ಹಿಂದಕ್ಕೂ ಹೋಗುವ ಹಾಗಿಲ್ಲ, ಮುಂದಕ್ಕೂ ಹೋಗುವ ಹಾಗಿಲ್ಲ. ಅರ್ಧ ಗಂಟೆಯಲ್ಲಿ ನನಗೆ ನಾಲ್ಕು ಪಂಕ್ಚರ್ ಬಂತು.

ದೂರದಲ್ಲಿ, ಆ ಸಮುದ್ರದ ನಡುವೆ, ಗಾಡಿ ಎತ್ತುವ ಲಾರಿಯ ತಲೆ ಕಾಣುತ್ತಿತ್ತು. ಐದಕ್ಕೆ ಅದು ಎಲ್ಲಿತ್ತೋ ಆರಕ್ಕೂ ಅಲ್ಲೇ ಇತ್ತು. ಕೊನೆಗೆ ಚನ್ನಕೇಶವ ಬೇಸತ್ತು ಇಳಿದು, ಬಂಪರುಗಳ ಸಂದಿಯಲ್ಲಿ ನುಸುಳಿಕೊಂಡು ನಡೆದೇ ಬಂದ. ಅಂಗಿಯೆಲ್ಲ ಹೊಗೆ. ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲವಂತೆ. ಕರಿಬಸಪ್ಪ ಬಾಣಲೆಯಿಂದ ಆಗ ತಾನೇ ಎತ್ತಿದ ಎರಡನ್ನು ಪೇಪರಿನಲ್ಲಿಟ್ಟು ಮುಂದೆ ಚಾಚಿದ. ಚನ್ನಕೇಶವ ಬಾಯಿ ಸುಟ್ಟುಕೊಂಡು ತಿಂದ.

"ಆರ್ಡರ್ ಇದೆ ಯಜಮಾನ್ರೇ. ಲಾರಿ ಬಂದ್ ತಕ್ಷಣ ಎತ್ಲೇಬೇಕು. ಬೇಜಾರ್ ಮಾಡ್ಕೋಬೇಡಿ."

"ಬರ್ಲಿ ತಗೋರಿ. ಅಲ್ಲೀತನಾ ಇನ್ನೆರಡು ಹಾಕ್ಲೇನು?"

ಚನ್ನಕೇಶವ ತಿರುಗಿ ಲಾರಿಯ ಕಡೆ ನೋಡಿದ. ಡ್ರೈವರು ಬಾಗಿಲು ತೆಗೆದು ಕಾಲು ಚಾಚಿ ಮಲಗಿದ್ದ.

"ಹಾಕಿ. ಅವ್ನಿಗೂ ಎರಡು ಕಟ್ಕೊಡಿ" ಅಂದ.